ಅಂಗಳದ ಮಣ್ಣು, ಮಗುವಿನ ಗೋದಲಿ

ಕ್ರಿಸ್‌ಮಸ್ ಹಬ್ಬ ಸಮೀಪಿಸಿದಂತೆ ನಮ್ಮ ಕರಾವಳಿಯ ಪೇಟೆಗಳಲ್ಲಿ ಸಿದ್ಧ ಗೋದಲಿಗಳು ಮಾರಾಟಕ್ಕೆ ಬರುತ್ತವೆ. ಥರ್ಮೊಕೋಲಿನ ಗುಡಿಸಲು, ಪ್ಲಾಸ್ಟಿಕ್ಕಿನ ಹುಲ್ಲುಹಾಸು, ಪ್ಲಾಸ್ಟರಿನ ಮೂರ್ತಿಗಳು, ಮಿನುಗುದೀಪಗಳ ಸರ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ತಂದು ಜಗಲಿಯ ಮೇಲಿರಿಸಿ ಸ್ವಿಚ್ ಒತ್ತಿದರೆ ಅರ್ಧ ಗಂಟೆಯಲ್ಲಿ ಸಿದ್ಧತೆ ಮುಗಿಯಿತು. ದುಡಿಯುವ ತಂದೆತಾಯಿಯರಿಗೆ ಸಮಯದ ಅಭಾವವಿದೆಯೆಂಬುದನ್ನು ನಾವು ಬಲ್ಲೆವು. ಕೊಳ್ಳುವವರನ್ನು ದೂರಲು ಈ ಮಾತನ್ನೆತ್ತಿಲ್ಲ. ಆದರೆ ಆ ಅರ್ಧ ಗಂಟೆಯಲ್ಲಿ ಮನೆಯ ಐದು ವರ್ಷದ ಮಗು ಎಲ್ಲಿತ್ತು, ಅದರ ಕೈಗೆ ಯಾವ ಕೆಲಸ ದೊರೆಯಿತು ಎಂದು ಕೇಳಬೇಕೆನಿಸುತ್ತದೆ.

ಹಿಂದೆ ಗೋದಲಿಯೆಂದರೆ ಅಂಗಳದ ಕೆಲಸವಾಗಿತ್ತು. ಏಣೆಲು ಬೆಳೆಯ ಕೊಯ್ಲು ಮುಗಿದು ಹೊಸ ಬೈಹುಲ್ಲು ಮನೆಗೆ ಬಂದಿರುತ್ತಿತ್ತು. ಗುಡಿಸಲಿನ ಮಾಡಿಗೆ ಅದೇ ಸಾಕು. ತಂದೆ ಬಿದಿರಿನ ಸಲಾಕೆ ಸೀಳಿಕೊಟ್ಟರೆ ಬಾಳೆನಾರಿನಿಂದ ಬಿಗಿಯುವವರು ಮಕ್ಕಳು. ಅಡಿಕೆಯ ಹಾಳೆಯನ್ನು ನೆನೆಸಿ ಬಗ್ಗಿಸಿದರೆ ಗುಹೆ, ಮುರಕಲ್ಲಿನ ತುಣುಕುಗಳನ್ನು ಪೇರಿಸಿದರೆ ಬೆತ್ಲೆಹೇಮಿನ ಬೆಟ್ಟ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲೇ ತಾಯಿ ಅಗಲವಾದ ತಟ್ಟೆಯಲ್ಲಿ ಮಣ್ಣು ಹರಡಿ, ನೆನೆಸಿದ ರಾಗಿ ಬಿತ್ತುತ್ತಿದ್ದರು. ದಿನವೂ ಬೆಳಿಗ್ಗೆ ಮೊಳಕೆಗೆ ನೀರು ಚಿಮುಕಿಸುವುದು ಕಿರಿಯ ಮಗುವಿನ ಹಕ್ಕು. (ಆ ಹಕ್ಕಿಗಾಗಿ ನಡೆದ ಜಗಳಗಳನ್ನು ಇಲ್ಲಿ ಬರೆಯುವುದು ಬೇಡ.) ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕಾಗಿ ಒಂಬತ್ತು ದಿನವೂ ಬೇಲಿ ಬೇಲಿ ಸುತ್ತಿ, ಮರಿಯಮ್ಮನವರಿಗೆ ಅರ್ಪಿಸಲು ಹೂವು ಕೊಯ್ದ ಕೈಗಳೇ ಡಿಸೆಂಬರಿನಲ್ಲಿ ಮಣ್ಣು ಕಲಸುತ್ತಿದ್ದವು.

ಮಣ್ಣಿನ ಎತ್ತನ್ನು ಮಾಡುವುದು ಸುಲಭವೆಂದು ತಿಳಿಯಬಾರದು. ಬರಿಯ ಜೇಡಿಯನ್ನು ಬಿಸಿಲಿಗಿಟ್ಟರೆ ಬಿರಿಯುತ್ತದೆ; ಹುಲ್ಲನ್ನು ಸಣ್ಣಗೆ ಕತ್ತರಿಸಿ ಬೆರೆಸಿ, ನೆರಳಿನಲ್ಲಿ ಒಣಗಿಸಬೇಕು. ಕಾಲು ತೆಳ್ಳಗಾದರೆ ಮೈಯ ಭಾರಕ್ಕೆ ಕುಸಿಯುತ್ತದೆ. ಎರಡು ಬಾರಿ ಕುಸಿದ ಮೇಲೆ ಮಗು ಯಾರೂ ಹೇಳಿಕೊಡದೆ ಎತ್ತನ್ನು ಮಲಗಿಸಿಬಿಡುತ್ತದೆ. ಅರಸಿನಕ್ಕೆ ಚಿಟಿಕೆ ಸುಣ್ಣ ಬಿದ್ದೊಡನೆ ಹಳದಿ ಕೆಂಪಾಗುವುದನ್ನು ಮೊದಲ ಬಾರಿ ಕಂಡ ಮಗು ಮೂವರು ಜ್ಞಾನಿಗಳಿಗೂ ಕೆಂಪು ಮೇಲಂಗಿಯನ್ನೇ ತೊಡಿಸುತ್ತದೆ, ತೊಡಿಸಲಿ. ಹಿರಿಯರು ಮಾಡಬೇಕಾದದ್ದು ಪಕ್ಕದಲ್ಲಿ ನೆಲದ ಮೇಲೆ ಕುಳಿತು ತಮ್ಮದೊಂದು ಕುರಿಯನ್ನು ತಾವು ಮಾಡಿಕೊಳ್ಳುವುದು. ಮಗುವಿನ ಕುರಿಯನ್ನು ತಿದ್ದಲು ಹೋಗಬಾರದು.

ಇದನ್ನು ನಾವು ತಡವಾಗಿ ಕಲಿತೆವು. ನಮ್ಮ ಮಗ ಐದು ವರ್ಷದವನಿದ್ದಾಗ ಮೂರು ದಿನ ಅಂಗಳದಲ್ಲಿ ಕುಳಿತು ಒಂದು ಎತ್ತನ್ನು ಮಾಡಿದ. ಒಂದೇ ಕೊಂಬು, ಮೂತಿ ಹಂದಿಯದು. ಆ ವರ್ಷ ವಾರ್ಡಿನಲ್ಲಿ ಗೋದಲಿ ಸ್ಪರ್ಧೆಯಿತ್ತು. ತೀರ್ಪುಗಾರರು ಬರುವ ಸಂಜೆ ನಾವು ಆ ಎತ್ತನ್ನು ಮೆಲ್ಲನೆ ತೆಗೆದು ಹಿತ್ತಲಿನ ನಲ್ಲಿಯ ಬಳಿಯಿರಿಸಿ, ಅಂಗಡಿಯ ಎತ್ತನ್ನು ನಿಲ್ಲಿಸಿದೆವು. ಎರಡನೆಯ ಬಹುಮಾನ ಬಂತು. ಮಗ ಅಳಲಿಲ್ಲ, ಕೇಳಲೂ ಇಲ್ಲ. ಮರುದಿನ ನೋಡಿದರೆ ನಲ್ಲಿಯ ಹನಿಗೆ ನೆನೆದು ಎತ್ತು ಮಣ್ಣಾಗಿತ್ತು. ಮುಂದಿನ ವರ್ಷ ಗೋದಲಿಗೆಂದು ಕರೆದಾಗ ಅವನು, ನೀವೇ ಮಾಡಿ ಚೆನ್ನಾಗಿರುತ್ತದೆ, ಎಂದ. ಇಂದು ಅವನಿಗೂ ನಾಲ್ಕು ವರ್ಷದ ಮಗಳಿದ್ದಾಳೆ. ಕಳೆದ ವರ್ಷ ಅವನು ಪೆಟ್ಟಿಗೆಯ ಗೋದಲಿಯನ್ನು ಕೊಂಡು ತಂದಾಗ ಏನನ್ನಾದರೂ ಹೇಳುವ ಮುಖ ನಮಗಿರಲಿಲ್ಲ.

ಅಸಿಸಿಯ ಸಂತ ಫ್ರಾನ್ಸಿಸರು 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯ ಬಳಿ ಗೋದಲಿಯನ್ನು ಏರ್ಪಡಿಸಿದಾಗ ಅಲ್ಲಿ ಮೂರ್ತಿಗಳೇ ಇರಲಿಲ್ಲ. ಒಂದು ಮೇವಿನ ತೊಟ್ಟಿ, ಒಣಹುಲ್ಲು, ಜೀವಂತ ಎತ್ತು, ಜೀವಂತ ಕತ್ತೆ. ಆ ಬೆಟ್ಟದ ಸೀಮೆಯಲ್ಲಿ ಕೈಗೆ ಸಿಕ್ಕಿದ್ದೇ ಸಾಮಗ್ರಿ. ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊದಲ್ಲಿ ಸಹಿ ಮಾಡಿದ ಪತ್ರವೊಂದು ಗೋದಲಿಯನ್ನು ಕುರಿತದ್ದೇ ಆಗಿದೆ. ಮಕ್ಕಳು ಇದನ್ನು ತಂದೆತಾಯಿ, ಅಜ್ಜ ಅಜ್ಜಿಯರಿಂದ ಕಲಿಯುತ್ತಾರೆಂದೂ ನಾನಾ ಬಗೆಯ ಸಾಮಗ್ರಿಗಳಲ್ಲಿ ಜನರ ಕಲ್ಪನೆ ಅರಳುತ್ತದೆಂದೂ ಅವರು ಅದರಲ್ಲಿ ಮೆಚ್ಚಿಕೊಂಡಿದ್ದಾರೆ. ಹಬ್ಬ ಮುಗಿದ ಮೇಲೆ ಥರ್ಮೊಕೋಲು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ ಬೇರೆಯೇ ಇದೆ. ಅದು ಮಣ್ಣಿನಲ್ಲಿ ಕೊಳೆಯುವುದಿಲ್ಲ. ರಾಗಿಯ ಪೈರನ್ನಾದರೆ ದನ ತಿನ್ನುತ್ತದೆ.

ಸ್ಪರ್ಧೆಗಳನ್ನು ನಡೆಸುವ ಸಂಘಗಳಿಗೆ ನಮ್ಮದೊಂದು ವಿನಂತಿ. ಬಹುಮಾನವನ್ನು ನಿಲ್ಲಿಸಿರೆಂದರೆ ಯಾರೂ ಒಪ್ಪಲಾರರು. ಹತ್ತು ವರ್ಷದೊಳಗಿನ ಮಕ್ಕಳ ಕೈಯಿಂದಾದ ಒಂದು ಆಕೃತಿಯಾದರೂ ಗೋದಲಿಯ ಮುಂಭಾಗದಲ್ಲಿರಬೇಕೆಂಬ ನಿಯಮವನ್ನು ಮಾಡಲಿ. ನಮ್ಮಂಥ ತಂದೆತಾಯಿಯರು ಹಿತ್ತಲಿಗೆ ಹೋಗುವುದು ಅಷ್ಟರಿಂದಲೇ ತಪ್ಪೀತು. ಫ್ಲ್ಯಾಟುಗಳಲ್ಲಿ ಅಂಗಳವೆಲ್ಲಿ ಎಂದು ಕೆಲವರು ಕೇಳುತ್ತಾರೆ. ಬಹುತೇಕ ಚರ್ಚುಗಳಿಗೆ ಮೈದಾನವಿದೆ, ಮರಗಳಿವೆ. ಆಗಮನ ಕಾಲದ ಒಂದು ಭಾನುವಾರ ಬಲಿಪೂಜೆಯ ಬಳಿಕ ಎರಡು ಬುಟ್ಟಿ ಜೇಡಿಯನ್ನು ಮರದಡಿ ಸುರಿದು, ಉದುರಿದ ಗರಿ, ಕಡ್ಡಿ, ಕಾಯಿಗಳನ್ನು ಹೆಕ್ಕಲು ಕುಟುಂಬಗಳನ್ನು ಬಿಟ್ಟರೆ ಸಾಕು. ಭಾಷಣ ಬೇಡ, ಸೀರೆ ಪ್ಯಾಂಟುಗಳಿಗೆ ಕೆಸರಾದರೆ ತೊಳೆದುಕೊಳ್ಳೋಣ.

ಈ ಬಾರಿ ಡಿಸೆಂಬರ್ 12ರಂದು ರಾಗಿ ಬಿತ್ತುವುದೆಂದು ಮೊಮ್ಮಗಳೊಡನೆ ನಿಶ್ಚಯಿಸಿದ್ದೇವೆ. ಗದ್ದೆಯಂಚಿನಿಂದ ಜೇಡಿ ತಂದು ಒದ್ದೆ ಗೋಣಿಯಡಿ ಮುಚ್ಚಿಟ್ಟಾಗಿದೆ. ಭಾನುವಾರ ಬರಬೇಕೆಂದು ಮಗನಿಗೂ ಹೇಳಿಕಳುಹಿಸಿದ್ದೇವೆ, ನೋಡುತ್ತೇನೆ ಎಂದಿದ್ದಾನೆ.