ಸಂಘಶಕ್ತಿಯೂ ಅರ್ಧಜರತೀಯ ನ್ಯಾಯವೂ

ಕಲಿಯುಗದಲ್ಲಿ ಶಕ್ತಿಯು ಸಂಘದಲ್ಲಿರುವುದೆಂದು ಹಿರಿಯರು ಹೇಳುತ್ತ ಬಂದಿರುವರು. ಜಮಖಂಡಿ ಸೀಮೆಯ ತುಬಚಿಯಲ್ಲಾಗಲಿ, ಮುಧೋಳದಲ್ಲಾಗಲಿ, ಕಬ್ಬು ಬೆಳೆಯುವ ಒಕ್ಕಲಿಗನು ಈ ಮಾತಿಗೆ ತಲೆದೂಗದೆ ಇರಲಾರನು. ಆದರೆ ಅದೇ ಮಾತನ್ನು ಕಬ್ಬು ಕಡಿಯುವ ಕೂಲಿಕಾರನು ಆಡಿದನೆಂದರೆ, “ಸಂಘ ಕಟ್ಟಿದರೆ ಕೆಲಸ ಕೆಟ್ಟಿತು” ಎಂದು ಹುಬ್ಬು ಗಂಟಿಕ್ಕುವವರು ಹಲವರು. ಶಾಸ್ತ್ರಕಾರರು ಇದನ್ನೇ ಅರ್ಧಜರತೀಯ ನ್ಯಾಯವೆಂದು ಕರೆದರು. ಒಬ್ಬಳೇ ಹೆಂಗಸು ಅರ್ಧ ಮುದುಕಿಯೂ ಅರ್ಧ ತರುಣಿಯೂ ಆಗಿರಲಾರಳು. ಅಂತೆಯೇ ಒಂದೇ ಧರ್ಮವು ಬೆಳೆಯುವವನಿಗೆ ವಿಹಿತವೂ ಕಡಿಯುವವನಿಗೆ ನಿಷಿದ್ಧವೂ ಆಗಲಾರದು.

2025ರ ನವೆಂಬರಿನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ಬೀದಿಗಿಳಿದರು. ಒಬ್ಬೊಬ್ಬರೇ ಕಾರಖಾನೆಯ ಬಾಗಿಲು ತಟ್ಟಿದ್ದರೆ ಕೇಳುವವರಾರು? ಒಟ್ಟಾಗಿ ನಿಂತುದರಿಂದಲೇ ಸರಕಾರವು 3,300 ರೂಪಾಯಿಗಳ ದರವನ್ನು ಸಾರಬೇಕಾಯಿತು.

ಸಂಘದಲ್ಲಿ ದೋಷವೇ ಇಲ್ಲವೆಂದಲ್ಲ. ಅದೇ ತಿಂಗಳು ಮುಧೋಳ ಸೀಮೆಯಲ್ಲಿ ಕಬ್ಬು ತುಂಬಿದ ಟ್ರಾಲಿಗಳು ಸುಟ್ಟುಹೋದುವು; ಹಚ್ಚಿದ ಕೈ ಯಾರದೇ ಇರಲಿ, ಉರಿದದ್ದು ರೈತನ ಬೆವರು. 1982ರ ಜನವರಿಯಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕೂಲಿಕಾರರು ದತ್ತಾ ಸಾಮಂತರ ಮುಂದಾಳುತನದಲ್ಲಿ ಹೂಡಿದ ಮುಷ್ಕರವು ವರ್ಷ ಮೀರಿ ನಡೆಯಿತು; ಹಲವು ಗಿರಣಿಗಳ ಬಾಗಿಲು ಮತ್ತೆ ತೆರೆಯಲಿಲ್ಲ. ಹೊಗುವ ದಾರಿಯನ್ನು ಬಲ್ಲವರು ಹೊರಡುವ ದಾರಿಯನ್ನೂ ಬಲ್ಲವರಾಗಿರಬೇಕಷ್ಟೆ! ಕಡಿದ ಕಬ್ಬು ಗಾಣಕ್ಕೆ ಹೋಗದೆ ಒಣಗಿದಷ್ಟೂ ತೂಕವೂ ಸಕ್ಕರೆಯೂ ಇಳಿಯುವುವು. ಆದುದರಿಂದ ಒಕ್ಕಲಿಗನ ಅಂಜಿಕೆ ಸುಳ್ಳಲ್ಲ.

ಆದರೆ ರೋಗಕ್ಕೆ ಮದ್ದು ಕೊಡಬೇಕೇ ಹೊರತು ರೋಗಿಯನ್ನು ಕೊಲ್ಲಬಾರದು. 1918ರಲ್ಲಿ ಅಹಮದಾಬಾದಿನ ಗಿರಣಿ ಕೂಲಿಕಾರರು ಗಾಂಧೀಜಿಯವರ ನೇತೃತ್ವದಲ್ಲಿ ನೂರಕ್ಕೆ 35ರಂತೆ ಹೆಚ್ಚಿನ ಕೂಲಿಗಾಗಿ ಕೆಲಸ ನಿಲ್ಲಿಸಿದರು. ಕೊನೆಗೆ ಸಂಸ್ಕೃತ ವಿದ್ವಾಂಸರಾದ ಆನಂದಶಂಕರ ಧ್ರುವರು ಮಧ್ಯಸ್ಥರಾಗಿ ಅದನ್ನು ಕೊಡಿಸಿದರು. ಒಂದು ಗಿರಣಿಯೂ ಸುಡಲಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರ ಸಂಘಗಳೂ ಸಕ್ಕರೆ ಕಾರಖಾನೆಗಳ ಒಕ್ಕೂಟವೂ ಎದುರುಬದುರು ಕುಳಿತು 2024ರ ಜನವರಿಯಲ್ಲಿ ನೂರಕ್ಕೆ 34ರಷ್ಟು ಹೆಚ್ಚಳಕ್ಕೆ ಒಪ್ಪಿದುವು. ಮಾತು ಮುಗಿದಿತ್ತು, ಹಂಗಾಮು ಕೆಡಲಿಲ್ಲ.

ಈ ಕೂಲಿಕಾರರ ಬಾಳನ್ನು ಒಮ್ಮೆ ನೋಡಬೇಕು. ಬೀಡ ಮೊದಲಾದ ಬರದ ಸೀಮೆಗಳಿಂದ ಮುಕಾದಮನ ಮುಂಗಡಕ್ಕೆ ಕಟ್ಟುಬಿದ್ದು ಅವರು ಕಬ್ಬಿನ ನಾಡುಗಳಿಗೆ ಬರುವರು. ಗಂಡಹೆಂಡಿರನ್ನು ಕೂಡಿಸಿ ‘ಒಂದು ಕೊಯತಾ’ ಎಂದು ಎಣಿಸುವರು. ಹೊಲದ ಅಂಚಿನ ಗುಡಿಸಲೇ ಅವರ ಮನೆ, ಹೊರೆ ಹೊರುವ ತಾಯಿಯ ಹಿಂದೆ ಅಲೆಯುವುದೇ ಮಕ್ಕಳ ಶಾಲೆ. ಮುಂಗಡ ತೀರದಿದ್ದರೆ ಮುಂದಿನ ವರ್ಷವೂ ಅದೇ ನೊಗ. ಇಂಥವನು ಒಬ್ಬಂಟಿಯಾಗಿ ಯಾರೊಡನೆ ಚೌಕಾಸಿ ಮಾಡಿಯಾನು?

ಆದುದರಿಂದ ಕರ್ತವ್ಯವು ಸ್ಪಷ್ಟವಾಗಿದೆ. ಹಂಗಾಮು ಮೊದಲಾಗುವ ಮುನ್ನವೇ ಕೂಲಿಯ ಕರಾರು ಕಾಗದದ ಮೇಲೆ ಬರಲಿ. ಹೆಂಗಸಿನ ಹೆಸರು ಬೇರೆಯಾಗಿ ಲೆಕ್ಕದಲ್ಲಿರಲಿ. ಸಂಘದ ಜಮಾಖರ್ಚು ಸದಸ್ಯರ ಕಣ್ಣೆದುರಿಗಿರಲಿ. ಮುಷ್ಕರವು ಕಟ್ಟಕಡೆಯ ಅಸ್ತ್ರವಾಗಲಿ. ತನ್ನ ಕಬ್ಬಿಗೆ ನ್ಯಾಯವಾದ ಬೆಲೆಯನ್ನು ಸಂಘಬಲದಿಂದ ಕೇಳುವವನು, ಆ ಕಬ್ಬನ್ನು ಕಡಿದ ಕೈಗೆ ಅದೇ ಬಲವನ್ನು ಅಲ್ಲಗಳೆದರೆ, ಅವನು ಕೇಳಿದ್ದು ನ್ಯಾಯವನ್ನಲ್ಲ, ಬರಿಯ ಲಾಭವನ್ನು.