ಇಪ್ಪತ್ತು ವರ್ಷದ ಕಸಬರಿಗೆಗೆ ಎಷ್ಟು ದಿನ ಸೂಟಿ?

ಬಹಳ ವರ್ಷ ದುಡಿದ ನೌಕರರಿಗೆ ವರ್ಷಕ್ಕೆ ನಾಲ್ಕು ದಿನ ಹೆಚ್ಚಿನ ಸೂಟಿ ಕೊಟ್ಟು ಗೌರವಿಸಬೇಕು ಎಂಬ ಮಾತು ದೊಡ್ಡ ದೊಡ್ಡ ಕಂಪನಿಗಳಲ್ಲಿ ನಡೀತದೆ. ಒಳ್ಳೆ ಮಾತು. ಆದರೆ ಅದೇ ಮಾತು ನಮ್ಮ ಕೇರಿಗೆ ಬಂದರೆ ಮೊದಲನೇ ಪ್ರಶ್ನೆಯೇ ಬೇರೆ: ನೀ ಎಷ್ಟು ವರ್ಷ ದುಡಿದಿ ಅಂತ ಬರೆದಿಟ್ಟವರು ಯಾರು?

ಗದಗ-ಬೆಟಗೇರಿಯ ಮಾರ್ಕೆಟ್ಟು, ಲಕ್ಷ್ಮೇಶ್ವರದ ಸಂತೆ, ಶಿರಹಟ್ಟಿ ಮುಂಡರಗಿಯ ಜಾತ್ರೆ ಮುಗಿದ ಮರುದಿನ ಯಾರು ಬಳಿಯುತ್ತಾರೆ? ಊರಿಗೆ ಹಬ್ಬವೆಂದರೆ ಸೂಟಿ. ಕಸಬರಿಗೆ ಹಿಡಿದವರಿಗೆ ಹಬ್ಬವೆಂದರೆ ಎರಡು ಪಟ್ಟು ಕಸ.

ಕರ್ನಾಟಕದ ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ. ಉಳಿಸಿಟ್ಟರೆ ನಿವೃತ್ತಿಯಾಗುವಾಗ 300 ದಿನದವರೆಗೆ ರೊಕ್ಕ ಮಾಡಿಕೊಳ್ಳಬಹುದು. ಅದು ಹಕ್ಕು, ತಪ್ಪೇನಿಲ್ಲ. ಆದರೆ ಅದೇ ಕಚೇರಿಯ ಮುಂದಿನ ಗಟಾರ ಬಳಿದವರು ವರ್ಷಗಟ್ಟಲೆ ಗುತ್ತಿಗೆಯ ಹೆಸರಲ್ಲಿ ದುಡಿದರು. ಗುತ್ತಿಗೆದಾರ ಬದಲಾದರೆ ಆಳು ಅದೇ, ಓಣಿ ಅದೇ, ಕಸಬರಿಗೆ ಅದೇ; ಸರ್ವಿಸ್ ಮಾತ್ರ ಹೊಸದು! ಇಪ್ಪತ್ತು ವರ್ಷ ಸವೆದರೂ ಕಾಗದದ ಮೇಲೆ ನಿನ್ನೆ ಬಂದವರು.

2017ರಲ್ಲಿ ಸರ್ಕಾರ ಪೌರಕಾರ್ಮಿಕರ ಗುತ್ತಿಗೆ ಬಿಟ್ಟು ನೇರ ಪಾವತಿ ಮಾಡುವ ತೀರ್ಮಾನಕ್ಕೆ ಬಂತು. 2022ರ ಜುಲೈನಲ್ಲಿ ಕಸಬರಿಗೆ ಕೆಳಗಿಟ್ಟು ಮುಷ್ಕರ ಹೂಡಿದ ಮೇಲೆ 11,133 ಮಂದಿಯನ್ನು ಕಾಯಂ ಮಾಡುವುದಾಗಿ ಒಪ್ಪಿತು. ಇದು ದಾನವಲ್ಲ, ಹೋರಾಟದ ಗಳಿಕೆ. ಆದರೆ ಕಾಯಂ ಆದ ದಿನದಿಂದ ಸರ್ವಿಸ್ ಎಣಿಸಿದರೆ ಅದಕ್ಕಿಂತ ಹಿಂದಿನ ವರ್ಷಗಳು ಯಾವ ಗಟಾರಕ್ಕೆ ಹೋದವು?

ವೈಸ್‌ರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಬಾಬಾಸಾಹೇಬರು ಕಾರ್ಖಾನೆ ಕಾನೂನಿಗೆ ತಿದ್ದುಪಡಿ ತಂದರು. 1945ರಲ್ಲಿ ಕಾರ್ಮಿಕನಿಗೆ ವರ್ಷಕ್ಕೆ 10 ದಿನ ಪಗಾರದ ಸೂಟಿ ಸಿಕ್ಕಿತು. 1948ರ ಕಾನೂನು 20 ದಿನ ದುಡಿದರೆ 1 ದಿನ ಎಂದಿತು. ಇದರಲ್ಲೂ ಒಂದು ಕೊರತೆ: ಎರಡು ವರ್ಷದವನಿಗೂ ಮೂವತ್ತು ವರ್ಷದವನಿಗೂ ಒಂದೇ ಲೆಕ್ಕ. ಸರ್ವಿಸ್ ಬೆಳೆದಂತೆ ಸೂಟಿಯೂ ಬೆಳೆಯಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಡಂಬಡಿಕೆ 1936ರಲ್ಲೇ ಹೇಳಿತ್ತು. ಜಪಾನಿನ ಕಾನೂನು ಆರು ತಿಂಗಳಿಗೆ 10 ದಿನದಿಂದ ಶುರುಮಾಡಿ ಆರೂವರೆ ವರ್ಷಕ್ಕೆ 20 ದಿನ ಮುಟ್ಟಿಸುತ್ತದೆ.

ಇದನ್ನು ಇನಾಮು ಅನ್ನಬೇಡಿ. ಕುರ್ಚಿಯ ಮೇಲೆ ಕೂತವರಿಗೆ ವರ್ಷ ಕಳೆದಂತೆ ಅನುಭವ ಬೆಳೀತದೆ. ಗಟಾರದಲ್ಲಿ ನಿಂತವರಿಗೆ ವರ್ಷ ಕಳೆದಂತೆ ಸೊಂಟ ಬಗ್ಗತದೆ, ಎದೆಯೊಳಗೆ ಧೂಳು ಕೂರ್ತದೆ. ಹೆಚ್ಚಿನ ಸೂಟಿ ಎಂದರೆ ಊರು ಆ ಮೈಗೆ ತೀರಿಸಬೇಕಾದ ಸಾಲ.

‘ಎಲ್ಲರೂ ಸೂಟಿ ಹಾಕಿದರೆ ಊರು ಬಳಿಯೋರು ಯಾರ್ರೀ?’ ಅಂತಾರೆ. ಪಗಾರ ಕೊಟ್ಟು ಬದಲಿ ಆಳು ಇಡಿ. ಇಲ್ಲದಿದ್ದರೆ ಒಬ್ಬಳ ಸೂಟಿ ಪಕ್ಕದ ಓಣಿಯವಳ ಸೊಂಟದ ಮೇಲೆ ಬೀಳ್ತದೆ. ನಮ್ಮ ಬೇಡಿಕೆ ಇಷ್ಟೇ: ಕಸಬರಿಗೆ ಹಿಡಿದ ಮೊದಲ ದಿನದಿಂದ ಸರ್ವಿಸ್ ಎಣಿಸಿ, ಸರ್ವಿಸ್ ಬೆಳೆದಂತೆ ಸೂಟಿ ಹೆಚ್ಚಿಸಿ, ಸೂಟಿಯ ದಿನ ಬದಲಿ ಆಳು ಕೊಡಿ.

ಹಾಸ್ಟೆಲಿನ ಗೆಳೆಯರೆ, ನಿಮಗೆ ರೊಟ್ಟಿ ಬಡಿದು ಹಾಕುವ ಅವ್ವನನ್ನೂ ಕೇಳಿ: ಎಷ್ಟು ವರ್ಷ ಆತವ್ವ? ಸೂಟಿ ಎಷ್ಟು ಸಿಗ್ತದ? ಓದು ಕಲಿತ ಕೈ ಇಂಥ ಕೆಲಸಕ್ಕೆ ಬರಬೇಕು. ಅವರ ಹಳೇ ಗುರುತಿನ ಚೀಟಿ, ಪಿಎಫ್ ನಂಬರು, ಪಾಸ್‌ಬುಕ್ಕು ನೋಡಿ ವರ್ಷವಾರು ಪಟ್ಟಿ ಮಾಡಿ. ಪಟ್ಟಿಯ ಒಂದು ಪ್ರತಿ ಅವರ ಕೈಗೇ ಕೊಡಿ. ದಾಖಲೆ ಇಲ್ಲ ಎಂದು ಕಚೇರಿ ಕೈ ಝಾಡಿಸಿದರೆ 2005ರ ಮಾಹಿತಿ ಹಕ್ಕು ಕಾನೂನಿನಲ್ಲಿ ಅರ್ಜಿ ಹಾಕಿ ಹಾಜರಿ ಪುಸ್ತಕ ಕೇಳಿ.

ನಮ್ಮ ಅವ್ವ-ಅಪ್ಪಂದಿರ ದುಡಿಮೆಯ ಲೆಕ್ಕ ನಾವು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.