ಹಾಡಿನ ಪಟ್ಟಿಗೂ ವೋಚರ್ ಬೇಕು

ಸ್ಟ್ಯಾಟಿಸ್ಟಿಕ್ಸ್ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100. ಯಾವ ಹಾಡು ಎಷ್ಟು ವಾರ ಮೊದಲ ಸ್ಥಾನದಲ್ಲಿತ್ತು ಎಂದು ಲೆಕ್ಕ ಹಾಕಬೇಕಿತ್ತು. (ಹಾಡು ಕೇಳುವುದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ಕ್ಲಾಸಿನಲ್ಲಿ ಆಗಲೇ ಒಂದು ಪೀರಿಯಡ್ ತಿಂದಿದೆ. ನನಗೆ ಬೇಕಿದ್ದದ್ದು ಅಂಕಿ ಮಾತ್ರ.) ಒಂದು ವೆಬ್‌ಸೈಟಿನಲ್ಲಿದ್ದ 2019ರ ಪಟ್ಟಿಯನ್ನು ಹಾಗೇ ಕಾಪಿ ಮಾಡಿ ಎಕ್ಸೆಲ್‌ಗೆ ಪೇಸ್ಟ್ ಮಾಡಿದೆ. ಎರಡೇ ನಿಮಿಷ. ಕೌಂಟ್‌ಇಫ್ ಸೂತ್ರ ಹಾಕಿದಾಗ ಲಿಲ್ ನಾಸ್ ಎಕ್ಸ್‌ನ ‘ಓಲ್ಡ್ ಟೌನ್ ರೋಡ್’ ಮುಂದೆ 1 ಎಂದು ಬಂತು. ಗ್ರಾಫ್ ಮಾಡಿ, ಬಣ್ಣ ತುಂಬಿ, ಎಲ್ಲರ ಮುಂದೆ ನಿಂತೆ.

ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ: “ಅದು 19 ವಾರ ಇತ್ತಲ್ಲೋ!”

ಅವನು ಹೇಳಿದ್ದೇ ಸರಿ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಸತತ 19 ವಾರ. ಅದಕ್ಕೂ ಮುಂಚಿನ ದಾಖಲೆ 16. ಆಗಿದ್ದೇನೆಂದರೆ, ವೆಬ್ ಪುಟದಲ್ಲಿ ಹಾಡಿನ ಹೆಸರನ್ನು ಒಂದೇ ಸಲ ಬರೆದು, 19 ಸಾಲಿಗೂ ಸೇರಿಸಿ ಒಂದೇ ಉದ್ದನೆಯ ಮನೆ ಮಾಡಿದ್ದರು. ನನ್ನ ಶೀಟಿಗೂ ಅದು ಮರ್ಜ್ ಆದ ಸೆಲ್ ಆಗಿಯೇ ಬಂತು. ನೋಡುವವರ ಕಣ್ಣಿಗೆ 19 ವಾರ, ಸೂತ್ರಕ್ಕೆ ಒಂದು. ಅಂಕ ಹೋಯಿತು, ಇರಲಿ. ನಾನು ನನ್ನದೇ ಪಟ್ಟಿಯನ್ನು ಒಮ್ಮೆಯೂ ಓದಿಲ್ಲ ಎಂದು ಇಡೀ ಕ್ಲಾಸಿಗೆ ಗೊತ್ತಾಯಿತು ನೋಡಿ, ಅದು ಚುಚ್ಚಿತು.

ಕಾಪಿ ಮಾಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಗೂಗಲ್ ಶೀಟ್ಸ್‌ನ ಇಂಪೋರ್ಟ್‌ಎಚ್‌ಟಿಎಂಎಲ್ ಸೂತ್ರಕ್ಕೆ ಪುಟದ ವಿಳಾಸವನ್ನೂ ಎಷ್ಟನೆಯ ಟೇಬಲ್ ಎಂಬುದನ್ನೂ ಕೊಟ್ಟರೆ, ಎಷ್ಟೋ ಪುಟಗಳಿಂದ ಪಟ್ಟಿ ತಾನೇ ಬಂದು ಕೂರುತ್ತದೆ. ನೂರು ಸಾಲು ಕೈಯಲ್ಲಿ ಟೈಪ್ ಮಾಡಿದರೂ ತಪ್ಪು ಬಂದೇ ಬರುತ್ತದೆ. ಪೇಸ್ಟ್ ಆದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವಲ್ಲ, ನನ್ನ ತಕರಾರು ಅದರ ಮೇಲೆ. ವೋಚರ್ ಇಲ್ಲದೆ ಎಂಟ್ರಿ ಬರೆಯಬಾರದು ಎಂದು ಅಕೌಂಟೆನ್ಸಿಯಲ್ಲಿ ಕಲಿಯುವ ನಾವು, ಇಂಟರ್ನೆಟ್ಟಿನ ಅಂಕಿಗೆ ಮಾತ್ರ ಯಾಕೆ ವಿನಾಯಿತಿ ಕೊಡುತ್ತೇವೆ? ಯಾವ ಪುಟ, ಯಾವ ದಿನ ತೆಗೆದದ್ದು, ಮೂಲದಲ್ಲಿ ಹೇಗೆ ಎಣಿಸಿದ್ದು, ಈ ಮೂರು ಶೀಟಿನಲ್ಲೇ ಇರಬೇಕು.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಬಿಲ್‌ಬೋರ್ಡ್‌ನ ಆಲ್ಬಂ ಪಟ್ಟಿ 1991ರ ಮೇ ತನಕ ಅಂಗಡಿಯವರು ಯಾವುದು ಚೆನ್ನಾಗಿ ಹೋಗುತ್ತಿದೆ ಎಂದು ಹೇಳಿದ್ದನ್ನು ನಂಬಿಕೊಂಡಿತ್ತು. ಆಮೇಲೆ ಬಾರ್‌ಕೋಡ್ ಓದಿ ನಿಜವಾದ ಮಾರಾಟ ಎಣಿಸತೊಡಗಿದರು. ರಾಪ್ ಮತ್ತು ಕಂಟ್ರಿ ಆಲ್ಬಂಗಳು ಮೇಲಕ್ಕೆ ಬಂದವು. ಕೇಳುವವರ ರುಚಿ ಒಂದೇ ವಾರದಲ್ಲಿ ಬದಲಾಗಲಿಲ್ಲ, ಲೆಕ್ಕ ಬದಲಾಯಿತು. 2013ರ ಫೆಬ್ರವರಿಯಲ್ಲಿ ಹಾಟ್ 100ಕ್ಕೆ ಯೂಟ್ಯೂಬ್ ವೀಕ್ಷಣೆಯನ್ನೂ ಸೇರಿಸಿದರು, ಆ ವಾರವೇ ‘ಹಾರ್ಲೆಮ್ ಶೇಕ್’ ನೇರವಾಗಿ ಮೊದಲ ಸ್ಥಾನಕ್ಕೆ ಬಂದು ಕೂತಿತು. ಸವಕಳಿ ಲೆಕ್ಕದ ವಿಧಾನ ಬದಲಿಸಿದ ಕಂಪನಿ ಅದನ್ನು ತಿಳಿಸಲೇಬೇಕು. ನಾವು ಮಾತ್ರ 1990ನ್ನೂ 2019ನ್ನೂ ಒಂದೇ ಕಾಲಂನಲ್ಲಿಟ್ಟು ಸರಾಸರಿ ತೆಗೆಯುತ್ತೇವೆ.

ನಮ್ಮ ದಾದಿ ರೇಡಿಯೋ ಸಿಲೋನ್‌ನ ಬಿನಾಕಾ ಗೀತ್‌ಮಾಲಾ ಕೇಳಿ ಬೆಳೆದವರು. ಅಮೀನ್ ಸಯಾನಿ ಹಾಡಿನ ಸ್ಥಾನವನ್ನು ‘ಪಾಯ್‌ದಾನ್’, ಅಂದರೆ ಮೆಟ್ಟಿಲು, ಎನ್ನುತ್ತಿದ್ದರಂತೆ. ನನ್ನ ಕಥೆ ಕೇಳಿ ದಾದಿ ಕೇಳಿದ್ದು ಒಂದೇ: “ಎಣಿಸಿದವರು ಯಾರು ಬೇಟಾ?” ನನ್ನ ಬಳಿ ಉತ್ತರ ಇರಲಿಲ್ಲ.

ನಮ್ಮ ಲೆಕ್ಚರರುಗಳಲ್ಲಿ ಒಂದು ವಿನಂತಿ. ಪ್ರಾಜೆಕ್ಟಿನಲ್ಲಿ ಎರಡು ಅಂಕ ಈ ಮೂರು ವಿವರಕ್ಕೇ ಇಡಿ. ಗೆಳೆಯರು ಬೈಯಬಹುದು, ಬೈಯಲಿ.

ಮರ್ಜ್ ಆದ ಸೆಲ್‌ಗಳನ್ನು ಬಿಡಿಸಿ, ಖಾಲಿ ಸಾಲು ತುಂಬಿ ಮತ್ತೆ ಎಣಿಸಿದೆ. 19 ಬಂತು. ಲಿಝೋ ಹಾಡಿದ ‘ಟ್ರೂತ್ ಹರ್ಟ್ಸ್’ 7 ವಾರ ಇದ್ದದ್ದೂ ಆಗಲೇ ಕಂಡಿತು, ನನ್ನ ಗ್ರಾಫಿನಲ್ಲಿ ಅದಕ್ಕೆ 2 ಎಂದಷ್ಟೇ ಇತ್ತು. ಆ ದಿನ ಅದನ್ನು ಯಾರೂ ಗಮನಿಸಿರಲಿಲ್ಲ. ಮಾರನೇ ದಿನ ಸರ್ ಹತ್ತಿರ ಹೋಗಿ ನಾನೇ ಹೇಳಿದೆ.